ಪರೇಲ್‌ನ ಬಾಡಿಗೆ ಕೋಣೆಯಲ್ಲಿ ಮೊಂತಿ ಹಬ್ಬ

ಕರಾವಳಿಯ ಕೊಂಕಣಿ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಕನ್ಯಾ ಮರಿಯಮ್ಮನವರ ಜನ್ಮದಿನವೂ ಹೌದು, ಹೊಸ ಅಕ್ಕಿಯ ಊಟದ ದಿನವೂ ಹೌದು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವೆಯ ಧರ್ಮಗುರು ಜೊವಾಕಿಂ ಮಿರಾಂದ ಅವರು ಈ ಆಚರಣೆಯನ್ನು ಆರಂಭಿಸಿದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ; ಹಬ್ಬದ ದಿನ ಗುರುಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರ ಕೈಯಿಂದ ಎಲ್ಲರೂ ಪಡೆದು ತಿಂದ ಮೇಲೆಯೇ ಬಾಳೆಲೆಯ ಊಟಕ್ಕೆ ಕೂರುವುದು. ಅಂದು ಮೀನು ಮಾಂಸ ಇಲ್ಲ. ತರಕಾರಿಯ ಬಗೆಗಳು ಮೂರೋ ಐದೋ ಏಳೋ, ಒಟ್ಟಿನಲ್ಲಿ ಬೆಸ ಸಂಖ್ಯೆಯಲ್ಲಿರಬೇಕು.

ಈ ಹಬ್ಬದ ಹೂವಾಗಲಿ ಹಸಿ ಕಾಳಾಗಲಿ ನನ್ನ ಹೆಂಡತಿಯ ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದ ವರ್ಷ ನಾವು ಚಿಕಿತ್ಸೆಗಾಗಿ ಮುಂಬಯಿಯ ಪರೇಲ್‌ನಲ್ಲಿದ್ದೆವು. ಅವಳಿಗೆ ರಕ್ತದ ಕ್ಯಾನ್ಸರ್. ಕಿಮೊಥೆರಪಿಯ ಔಷಧಿ ಕೆಟ್ಟ ಕಣಗಳನ್ನು ಕೊಲ್ಲುವಾಗ ಅಸ್ಥಿಮಜ್ಜೆಯಲ್ಲಿ ಹುಟ್ಟುವ ಒಳ್ಳೆಯ ಬಿಳಿ ರಕ್ತಕಣಗಳನ್ನೂ ಬಿಡುವುದಿಲ್ಲ. ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್‌ಗಳು ರಕ್ತದ ಒಂದು ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗಿಳಿದರೆ, ಆರೋಗ್ಯವಂತರಿಗೆ ಏನೂ ಮಾಡದ ಬೂಷ್ಟೂ ಪ್ರಾಣಕ್ಕೆ ಎರವಾಗಬಹುದು. ಹೂದಾನಿಯ ನೀರಿನಲ್ಲಿ, ಕುಂಡದ ಮಣ್ಣಿನಲ್ಲಿ, ಹುಲ್ಲು ಮತ್ತು ಭತ್ತದ ಧೂಳಿನಲ್ಲಿ ಇಂಥ ಜೀವಿಗಳು ಇರುತ್ತವೆ. ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಹಗಲೋ ರಾತ್ರಿಯೋ ಎಂದು ನೋಡದೆ ಆಸ್ಪತ್ರೆಗೆ ಓಡಬೇಕೆಂಬ ಸೂಚನೆಯಿದ್ದುದರಿಂದ, ಸಂಜೆಯ ಜಪಮಾಲೆಗೆ ಕೂರುವ ಮೊದಲು ಥರ್ಮಾಮೀಟರ್ ನೋಡುವುದು ನಮ್ಮ ಪ್ರಾರ್ಥನೆಯ ಭಾಗವೇ ಆಗಿಹೋಗಿತ್ತು.

ಊರಿನಿಂದ ಬರುತ್ತಿದ್ದ ಕರೆಗಳಲ್ಲಿ ಪ್ರೀತಿಯಿತ್ತು, ಸಲಹೆಗಳೂ ಇದ್ದವು. ಒಬ್ಬರು ಧ್ಯಾನಕೂಟಕ್ಕೆ ಕರೆದೊಯ್ಯಿರಿ ಎಂದರು, ಇನ್ನೊಬ್ಬರು ಬಾಂದ್ರಾದ ಮೌಂಟ್ ಮೇರಿಗೆ ಮೇಣದ ಆಕೃತಿಯ ಹರಕೆ ಹೇಳಿಕೊಳ್ಳಿ ಎಂದರು. (ಅಲ್ಲಿನ ಅಂಗಡಿಗಳಲ್ಲಿ ಮೇಣದ ಕೈ, ಕಾಲು ಎಲ್ಲ ಸಿಗುತ್ತವೆ, ರಕ್ತದ ಕಾಯಿಲೆಗೆ ಯಾವ ಆಕೃತಿ ಕೊಡಬೇಕೆಂದು ನಾವಿಬ್ಬರೂ ಚರ್ಚಿಸಿ ನಕ್ಕೆವು.) ವಿಶ್ವಾಸ ಗಟ್ಟಿಯಾಗಿದ್ದರೆ ಔಷಧಿಯೇ ಬೇಡವೆಂದ ಸಂಬಂಧಿಕರೊಬ್ಬರ ಮಾತು ಮಾತ್ರ ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ನಮ್ಮ ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಲು ಹೇಳುತ್ತದೆ, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎನ್ನುತ್ತದೆ, ಪ್ರಾರ್ಥಿಸು ಎಂದ ಮೇಲೆಯೂ ವೈದ್ಯನಿಗೆ ಜಾಗ ಬಿಡಲು ತಿಳಿಸುತ್ತದೆ. ಗುರುಗಳು ಬಂದು ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ನೀಡಿದರೆಂದು ತಿಳಿದಾಗ ಅತ್ತೆಯವರು ಫೋನಿನಲ್ಲಿಯೇ ಅತ್ತುಬಿಟ್ಟರು. ಸಾಯುವವರಿಗಷ್ಟೇ ಕೊಡುವುದೆಂಬ ಹಳೆಯ ಕಾಲದ ಭಯ ಅವರದು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1972ರಲ್ಲಿ ಪೋಪ್ ಆರನೆಯ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದ ಮೇಲೆ, ಗಂಭೀರ ಕಾಯಿಲೆಯವರೆಲ್ಲರೂ ಅದನ್ನು ಪಡೆಯಬಹುದೆಂದು, ಬೇಕಾದರೆ ಮತ್ತೆಯೂ ಪಡೆಯಬಹುದೆಂದು ಅವರಿಗೆ ವಿವರಿಸಿದ್ದು ನಾನಲ್ಲ, ಹಾಸಿಗೆಯಲ್ಲಿ ಮಲಗಿದ್ದ ಅವರ ಮಗಳು.

ಆದರೆ ಆ ಮಗಳಿಗೇ ಪ್ರಾರ್ಥಿಸಲಾಗದ ದಿನಗಳಿದ್ದವು. ಬಾಯೊಳಗೆಲ್ಲ ಹುಣ್ಣಾಗಿ, ನೀರೂ ಲೋಹದ ರುಚಿ ಕೊಡುತ್ತಿದ್ದಾಗ, “ನನ್ನ ಬದಲು ನೀವೇ ಹೇಳಿ” ಎಂದು ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು. ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದು, ಜನಸಂದಣಿಯಿಂದಾಗಿ ಬಾಗಿಲಲ್ಲಿ ದಾರಿ ಸಿಗದೆ, ಮಾಡು ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅವರ ವಿಶ್ವಾಸವನ್ನು ಕಂಡರೆಂದು ಅಲ್ಲಿ ಬರೆದಿದೆ. ರೋಗಿ ಪ್ರಾರ್ಥಿಸಿದನೆಂದು ಬರೆದಿಲ್ಲ, ಅವನು ಬಾಯಿಬಿಟ್ಟದ್ದೂ ಆ ಕಥೆಯಲ್ಲಿ ಕಾಣುವುದಿಲ್ಲ. ಬಾಲ್ಯದಿಂದ ಕೇಳಿದ ಈ ಕಥೆ ನನಗೆ ತಲುಪಿದ್ದು ವಾಂತಿಯ ಬೋಗುಣಿ ತೊಳೆಯುವ ಹೊತ್ತಿನಲ್ಲಿ. ರೋಗದಲ್ಲಿಯೂ ಆರೋಗ್ಯದಲ್ಲಿಯೂ ಜೊತೆಗಿರುತ್ತೇನೆಂದು ಮದುವೆಯಲ್ಲಿ ಕೊಟ್ಟ ಮಾತಿನೊಳಗೆ ಇದೂ ಸೇರಿತ್ತೆಂದು ಆಗ ತೋರಿತು: ಹೊರುವವರು ಹೊರುತ್ತಿರಬೇಕು, ಮಲಗಿದವಳು ಸುಮ್ಮನೆ ಮಲಗಿರಬಹುದು.

ಹಬ್ಬ ಬೇಕೆಂದವಳು ಅವಳೇ. ಗಣೇಶೋತ್ಸವದ ದಿನಗಳಾದ್ದರಿಂದ ಪರೇಲ್ ಪಕ್ಕದ ಲಾಲ್‌ಬಾಗ್‌ನ ಕಡೆಗೆ ಹೋಗುವ ಜನಪ್ರವಾಹ ಬೀದಿಯನ್ನು ತುಂಬಿತ್ತು. ಅದನ್ನು ತಪ್ಪಿಸಿಕೊಂಡು, ಮಾಸ್ಕ್ ಧರಿಸಿ, ಕೊಂಕಣಿ ಬಲಿಪೂಜೆಯಿದ್ದ (ಮಾಸ್ ಇದ್ದ) ಇಗರ್ಜಿಯ ಹಿಂಬಾಗಿಲ ಬಳಿ ನಿಂತು ತೆನೆ ಪಡೆದು ಬಂದೆ. ತೆನೆಯನ್ನು ಕೋಣೆಯೊಳಗೆ ತರದೆ ಕೆಳಗಿನ ಮಹಡಿಯ ಮಂಗಳೂರಿನ ದಂಪತಿಯ ಮನೆಯಲ್ಲಿಯೇ ಸುಲಿಸಿ, ಕಾಳನ್ನು ತೊಳೆದು ಅರೆಸಿ ತಂದೆ. ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸಕ್ಕೆ ಅದನ್ನು ಕೊನೆಗೆ ಹಾಗೆಯೇ ಬೆರೆಸುವುದು ನಮ್ಮ ಮನೆಯ ರೂಢಿಯಾದರೂ, ಈ ಬಾರಿ ಒಲೆಯ ಮೇಲಿದ್ದಾಗಲೇ ಹಾಕಿ ಚೆನ್ನಾಗಿ ಕುದಿಸಿದೆ. ತರಕಾರಿ ಮೂರೇ: ಹೀರೆ, ಸೌತೆ, ಬೆಂಡೆ. ಹುಣ್ಣಿನ ಬಾಯಿಗಾಗಿ ಮೂರಕ್ಕೂ ಮೆಣಸಿಲ್ಲ. ಉಪ್ಪು ಹಾಕಿದ ಅನ್ನವನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕಾಗುತ್ತದೆಂದು ನಾನು ಕೀಟಲೆ ಮಾಡಿದೆ. ಅನ್ನ ತರಕಾರಿಯಲ್ಲವೆಂದು ಅವಳು ಗದರಿಸಿದಳು.

ಹೂವಿನ ಜಾಗ ಖಾಲಿಯೇ ಉಳಿಯಿತು. ಅದನ್ನು ಬೇರೆ ಯಾವುದರಿಂದಲೂ ತುಂಬಬೇಡಿರೆಂದ ಅವಳು, ಚಿಕ್ಕಂದಿನಲ್ಲಿ ನೊವೆನಾಕ್ಕೆ, ಅಂದರೆ ಆ ಒಂಬತ್ತು ದಿನಗಳ ಪ್ರಾರ್ಥನೆಗೆ, ಹೂ ಕೊಯ್ಯುತ್ತಿದ್ದ ಜಾಗಗಳನ್ನು ಹೇಳತೊಡಗಿದಳು. ಬಾವಿಕಟ್ಟೆಯ ದಾಸವಾಳ, ಗದ್ದೆಯ ಅಂಚಿನ ರಥಪುಷ್ಪ, ಪಕ್ಕದ ಭಟ್ಟರ ಅಂಗಳದ ಕರವೀರ. ಭಟ್ಟರು ಪೂಜೆಗೆ ಬೇಕಾದಷ್ಟನ್ನು ಕೊಯ್ದುಕೊಂಡು, ಉಳಿದದ್ದನ್ನು ನಿಮ್ಮ ಮರಿಯಮ್ಮನಿಗೆ ಎಂದು ಬಿಟ್ಟುಕೊಡುತ್ತಿದ್ದರಂತೆ. ಇಷ್ಟು ಹೇಳುವಷ್ಟರಲ್ಲಿ ದಣಿದಳು. ಊರಿನಲ್ಲಿ ಅತ್ತೆಯವರು ಮೊಮ್ಮಕ್ಕಳಿಗೆ ಹೊಸ ಅಕ್ಕಿ ಹಂಚುವುದನ್ನು ಫೋನಿನಲ್ಲಿ ನೋಡುತ್ತಲೇ ನಾನೂ ಇಲ್ಲಿ ಅವಳ ಬಟ್ಟಲಿಗೆ ಹಾಕಿದೆ. ಎರಡು ಚಮಚ ತಿಂದು, ಸಿಹಿ ಗೊತ್ತಾಗುತ್ತಿದೆ ಎಂದಳು.

ಮಾಡಿಟ್ಟ ಅಡುಗೆಯನ್ನು ಹೊತ್ತು ಕಳೆದ ಮೇಲೆ ಅವಳಿಗೆ ಕೊಡುವಂತಿರಲಿಲ್ಲವಾದ್ದರಿಂದ, ಉಳಿದ ಪಾಯಸವನ್ನು ನಮ್ಮ ಮಹಡಿಯಲ್ಲಿದ್ದ ಇತರ ರೋಗಿಗಳ ಮನೆಯವರಿಗೆ ಹಂಚಿದೆ. ಪಶ್ಚಿಮ ಒಡಿಶಾದಿಂದ ಮಗನ ಚಿಕಿತ್ಸೆಗೆ ಬಂದಿದ್ದ ಹಿರಿಯರೊಬ್ಬರು ಯಾವ ಹಬ್ಬವೆಂದು ಕೇಳಿದರು. ಹೊಸ ಅಕ್ಕಿಯ ಹಬ್ಬವೆಂದಾಗ, ತಮ್ಮಲ್ಲಿಯೂ ಗಣೇಶ ಚೌತಿಯ ಮರುದಿನ ನುವಾಖಾಯಿಯೆಂದು ಹೊಸ ಅಕ್ಕಿಯನ್ನು ದೇವಿಗೆ ಅರ್ಪಿಸಿ ಉಣ್ಣುವುದಿದೆ, ಈ ಸಲ ಆಸ್ಪತ್ರೆಯ ಓಡಾಟದಲ್ಲಿ ತಪ್ಪಿಹೋಯಿತು ಎಂದರು. ಉಳಿದ ಒಂದು ತೆನೆ ಸಿಗಬಹುದೇ ಎಂದು ಸಂಕೋಚದಿಂದ ವಿಚಾರಿಸಿದರು. ಕೆಳಗಿನ ಮನೆಯಿಂದ ತಂದುಕೊಟ್ಟೆ. ಮಗನ ಹಾಸಿಗೆಯ ಬಳಿ ಒಯ್ಯಬೇಡಿರೆಂದೂ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರೆಂದೂ, ಕಾಳನ್ನು ಕುದಿಸದೆ ಅವನ ಬಾಯಿಗೆ ಹಾಕಬೇಡಿರೆಂದೂ ನನ್ನ ಹರಕು ಹಿಂದಿಯಲ್ಲಿ ಎರಡೆರಡು ಬಾರಿ ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ಮುಂದಿನ ಕೋಣೆಗೆ ಹೋದೆ.