ಹುಬ್ಬಳ್ಳಿಯಿಂದ ತಂದ ಒಂದು ಡಜನ್ ಟ್ಯೂಬ್

ಗದಗ ಸುತ್ತಮುತ್ತ ಸೈಕಲ್ ಓಡಿಸುವವರಿಗೆ ಮಳೆಗಾಲಕ್ಕಿಂತ ಮಳೆ ನಿಂತ ಮೇಲಿನ ತಿಂಗಳುಗಳೇ ಕಷ್ಟ. ಹೊಲದ ಬದುವಿನಲ್ಲಿ, ದಾರಿಯ ಅಂಚಿನಲ್ಲಿ ಹಬ್ಬಿದ್ದ ನೆಗ್ಗಿಲು ಆಗ ಒಣಗುತ್ತದೆ. ಅದರ ಕಾಯಿ ನೆಲಕ್ಕೆ ಹೇಗೇ ಬೀಳಲಿ, ಒಂದು ಮುಳ್ಳಾದರೂ ಮೇಲಕ್ಕೆ ಚಾಚಿಕೊಂಡಿರುತ್ತದೆ. ಸಾಲದ್ದಕ್ಕೆ ಬಳ್ಳಾರಿ ಜಾಲಿ ಬೇರೆ. ಯಾರೋ ಕಡಿದು ಹಾಕಿದ ಜಾಲಿ ಟೊಂಗೆ ದಾರಿಯಲ್ಲಿ ಬಿದ್ದಿತ್ತು ಅಂದರೆ, ಟೈರು ಎಷ್ಟೇ ದಪ್ಪ ಇದ್ದರೂ ಟ್ಯೂಬ್ ಉಳಿಯುವುದಿಲ್ಲ.

2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಇಲ್ಲೇ ಬಿಂಕದಕಟ್ಟಿಯಲ್ಲಿ ನಡೆಯಿತು. ಆಮೇಲೆ ನಮ್ಮ ಓಣಿಯ ಮಕ್ಕಳಿಗೆ ದಪ್ಪ ಟೈರಿನ ಸೈಕಲ್ ಹುಚ್ಚು ಹಿಡಿಯಿತು. ಅಪ್ಪ ಅಮ್ಮಂದಿರು ಕಷ್ಟಪಟ್ಟು ಕೊಡಿಸಿದರು. ಆದರೆ ಸೈಕಲ್ ಕೊಡಿಸುವಾಗ ಟ್ಯೂಬಿನ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಪಂಚರ್ ಆದ ಸೈಕಲ್ ಗೋಡೆಗೆ ಒರಗಿಸಿಟ್ಟರೆ ವಾರಗಟ್ಟಲೆ ಅಲ್ಲೇ. ನನಗೆ ಅದನ್ನು ನೋಡಲು ಆಗುವುದಿಲ್ಲ. ಹತ್ತು ಸಾವಿರ ಕೊಟ್ಟ ಸೈಕಲ್ ಒಂದು ರಬ್ಬರ್ ಕೊಳವೆಗಾಗಿ ಮೂಲೆ ಸೇರಬಾರದು, ಅಲ್ವಾ?

ಅಣ್ಣನ ಮಗಳು ಒಂಬತ್ತನೇ ತರಗತಿ. ಅವಳ ಸೈಕಲ್ಲಿನ ಹಿಂದಿನ ಟ್ಯೂಬಿನಲ್ಲಿ ತೇಪೆಯ ಮೇಲೆ ತೇಪೆ. ಕೊನೆಗೆ ವಾಲ್ವಿನ ಬುಡದಲ್ಲೇ ಸೀಳು ಬಿಟ್ಟಿತು. ಬುಡ ಹರಿದ ಟ್ಯೂಬಿಗೆ ತೇಪೆ ನಿಲ್ಲುವುದಿಲ್ಲ, ಹೊಸದೇ ಬೇಕು. ಅವಳದು 27.5 ಇಂಚಿನ ಚಕ್ರ. ನಮ್ಮ ಹತ್ತಿರದ ಅಂಗಡಿಯಲ್ಲಿ 26 ಇಂಚಿನದು ಇತ್ತು, ಒಂದಕ್ಕೆ 220 ರೂಪಾಯಿ. 27.5 ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆವು. ಫೋಟೋದಲ್ಲಿ ಮೋಟರ್ ಬೈಕಿನಂಥ ದಪ್ಪ ವಾಲ್ವ್ ಇತ್ತು. ಡಬ್ಬ ಬಿಚ್ಚಿದರೆ ಪ್ರೆಸ್ಟಾ ಎನ್ನುವ ಸಣ್ಣ, ತೆಳು ವಾಲ್ವ್. ದಪ್ಪ ವಾಲ್ವಿಗೆ ರಿಮ್ಮಿನ ತೂತು ಎಂಟೂವರೆ ಮಿಲಿಮೀಟರ್ ಇರುತ್ತದೆ, ಪ್ರೆಸ್ಟಾಗೆ ಆರೂವರೆ ಸಾಕು. ದೊಡ್ಡ ತೂತಿನಲ್ಲಿ ಸಣ್ಣ ವಾಲ್ವ್ ಅಲುಗಾಡಿ ಅಲುಗಾಡಿ ಬುಡ ಕೀಳುತ್ತದೆ. ವಾಪಸ್ ಕಳಿಸಿದೆವು, ಮತ್ತೆ ಒಂದು ವಾರ ಹೋಯಿತು.

ಅಷ್ಟರಲ್ಲಿ ಓಣಿಯ ಉಳಿದ ಮಕ್ಕಳೂ ಬಂದರು. "ಅತ್ತಿ, ಎಲ್ಲಾರಿಗೂ ಕೂಡೇ ತಂದ್ರ ಸೋವಿ ಆಗ್ತೈತಲ್ಲ" ಅಂದಳು ಇವಳು. ಸರಿ ಅನ್ನಿಸಿತು. ಪ್ರತಿಯೊಬ್ಬರ ಟೈರಿನ ಪಕ್ಕದಲ್ಲಿ ಬರೆದ ಅಂಕಿಗಳನ್ನು ಅವರಿಂದಲೇ ಚೀಟಿಯಲ್ಲಿ ಬರೆಸಿದೆ. ಇಂಚಿನ ಅಂಕಿಯೊಂದೇ ಸಾಲದು, ಅದರ ಪಕ್ಕದ 50-559, 54-584 ಎಂಬಂಥ ಸಂಖ್ಯೆಯೂ ಬೇಕು. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. ಯಾಕೆಂದರೆ ಹಳೆಯ ಸಾದಾ ಸೈಕಲ್ಲಿನಲ್ಲೂ 26 ಇಂಚು ಉಂಟು, ಅದರ ರಿಮ್ಮು 590. ಮೌಂಟನ್ ಬೈಕಿನ 26 ಇಂಚು 559. ಸಾದಾ ಸೈಕಲ್ಲಿನ ತೆಳು ಟೈರಿನ ಟ್ಯೂಬನ್ನು ದಪ್ಪ ಟೈರಿಗೆ ಹಾಕಿದರೆ ಅದು ಹಿಗ್ಗಿ ಹಿಗ್ಗಿ ಬಲೂನಿನ ಹಾಗೆ ತೆಳ್ಳಗಾಗುತ್ತದೆ. ಆಮೇಲೆ ನೆಗ್ಗಿಲಿಗೆ ಕೆಲಸ ಸುಲಭ.

ಶನಿವಾರ ರೈಲಿನಲ್ಲಿ ಹುಬ್ಬಳ್ಳಿಗೆ ಹೋದೆ. ಮಾರ್ಕೆಟ್ಟಿನ ಒಳಗೆ, ಸೈಕಲ್ ಸಾಮಾನನ್ನು ಹೋಲ್‌ಸೇಲಾಗಿ ಮಾರುವ ಒಂದು ಸಣ್ಣ ಅಂಗಡಿ. ಕೂತವರು ಎಪ್ಪತ್ತರ ಹತ್ತಿರದ ಕಾಕಾ. ಚೀಟಿ ಓದಿ, ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ.

"ಎಲ್ಲಾ ಬೈಕ್ ವಾಲ್ವ್ ಏನ್ ತಂಗೀ? ಖಾತ್ರಿ ಮಾಡ್ಕೊಂಡು ಬಂದೀಯಿಲ್ಲೋ?"

"ಹೌದ್ರಿ ಕಾಕಾ, ಎಲ್ಲಾ ಅದ."

ಮೂರು ಥರದ ಟ್ಯೂಬ್ ಮುಂದಿಟ್ಟರು. ವಿದೇಶಿ ಬ್ರ್ಯಾಂಡಿನದು 600 ರೂಪಾಯಿ. ಲೂಧಿಯಾನದಲ್ಲಿ ತಯಾರಾದದ್ದು, ಡಜನ್ ತಗೊಂಡರೆ 26ಕ್ಕೆ 120, 27.5ಕ್ಕೆ 140. ಮೂರನೆಯದು ಹೆಸರೇ ಇಲ್ಲದ್ದು, 80. ಎಂಬತ್ತರದ್ದನ್ನು ನನ್ನ ಕೈಗೆ ಕೊಟ್ಟು, ಸ್ವಲ್ಪ ಗಾಳಿ ಹೊಡೆದು, ಜೋಡಿಸಿದ ಗೆರೆಯ ಮೇಲೆ ಬೆರಳು ಎಳೆಯಲು ಹೇಳಿದರು. ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ರಬ್ಬರ್ ಎಲ್ಲ ಕಡೆ ಒಂದೇ ದಪ್ಪ ಇಲ್ಲದಿದ್ದರೆ ಹೀಗಾಗುತ್ತದೆ. ವಾಲ್ವನ್ನು ಅತ್ತಿತ್ತ ಬಗ್ಗಿಸಿದಾಗ ಬುಡದಲ್ಲಿ ಸಣ್ಣ ಸಂದು ಕಂಡಿತು. ಲೂಧಿಯಾನದ್ದು ಸಮನಾಗಿ ಉಬ್ಬಿತು, ಬುಡ ಗಟ್ಟಿ ಇತ್ತು, ಕೈಯಲ್ಲಿ ತೂಗಿದರೂ ಭಾರ ಗೊತ್ತಾಗುತ್ತಿತ್ತು. ಡಬ್ಬದ ಮೇಲೆ ಬ್ಯೂಟೈಲ್ ಎಂದಿತ್ತು. ಸಾದಾ ರಬ್ಬರಿಗಿಂತ ಬ್ಯೂಟೈಲ್ ರಬ್ಬರ್ ಗಾಳಿಯನ್ನು ಬಹಳ ಚೆನ್ನಾಗಿ ಹಿಡಿದಿಡುತ್ತದೆ.

ವಿದೇಶಿ ಟ್ಯೂಬ್ ಇದಕ್ಕಿಂತ ನುಣುಪು, ಹಗುರ. ರೇಸಿಗೆ ಹೋಗುವವರಿಗೆ ಬೇಕಾಗಬಹುದು. ಆದರೆ ಮುಳ್ಳಿಗೆ ಬ್ರ್ಯಾಂಡ್ ಗೊತ್ತಿಲ್ಲ. ಒಂದು ವಿದೇಶಿ ಟ್ಯೂಬಿನ ದುಡ್ಡಿಗೆ ಇಲ್ಲಿಯದು ನಾಲ್ಕು ಬರುತ್ತವೆ. ಶಾಲೆಗೆ, ಹೊಲದ ದಾರಿಗೆ ಓಡುವ ಸೈಕಲ್ಲಿಗೆ ಆ ನಾಲ್ಕೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಪಂಚರ್ ತಾನಾಗೇ ಮುಚ್ಚುವ ಹಸಿರು ದ್ರವದ ಬಾಟಲಿಯೂ ಇತ್ತು. ನೆಗ್ಗಿಲಿನಂಥ ಸಣ್ಣ ತೂತಿಗೆ ಅದು ನಿಜಕ್ಕೂ ಉಪಯೋಗ. ಆದರೆ ಒಂದು ಬಾಟಲಿ ಎರಡು ಟ್ಯೂಬಿಗಿಂತ ಜಾಸ್ತಿ ಬೆಲೆ, ಹಾಗಾಗಿ ಬಿಟ್ಟೆ.

26ರದು ಏಳು, 27.5ರದು ಐದು. ಒಟ್ಟು 1,540 ರೂಪಾಯಿ. ಪಕ್ಕದ ಮನೆಯ ಮೇಷ್ಟ್ರ 29 ಇಂಚಿನ ಸೈಕಲ್ ಬಗ್ಗೆಯೂ ಕೇಳಿದೆ. "ಅದಕ್ಕ ಅದರದ್ದ ತಗೋಬೇಕು. ಅಡಚಣಿ ಬಿದ್ದಾಗ 27.5 ಹಾಕಿ ಮನಿ ಮುಟ್ಟಬಹುದು, ಅಷ್ಟ" ಅಂದರು. 29ರ ಸ್ಟಾಕ್ ಮುಗಿದಿತ್ತು. ದುಡ್ಡು ಎಣಿಸಿಕೊಂಡ ಮೇಲೆ ತೇಪೆ ಅಂಟಿಸುವ ಸೊಲ್ಯೂಷನ್ನಿನ ಒಂದು ಸಣ್ಣ ಟ್ಯೂಬು, ಒಂದು ತುಂಡು ಮರಳು ಕಾಗದ ಸುಮ್ನೆ ಕೊಟ್ಟರು.

ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಸೈಕಲ್ಲುಗಳು ತಲೆಕೆಳಗಾಗಿ ನಿಂತವು. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗನ್ನು ನೋಡಲೇಬೇಕು. ಹಳೆಯ ಮುಳ್ಳಿನ ತುದಿ ಅಲ್ಲೇ ಮುರಿದು ಕೂತಿರುತ್ತದೆ. ನಮ್ಮದು ಹತ್ತಿ ಬೆಳೆಯುವ ಸೀಮೆ, ಹತ್ತಿಗೆ ಬರವಿಲ್ಲ. ಒಂದು ಹಿಡಿ ಅರಳೆಯನ್ನು ಟೈರಿನ ಒಳಗೆ ಸುತ್ತಲೂ ಎಳೆದರೆ ಮುಳ್ಳು ಇರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಚುಚ್ಚುವುದಿಲ್ಲ, ಕಣ್ಣಿಗೆ ಕಾಣದ್ದೂ ಸಿಗುತ್ತದೆ. ಅಣ್ಣನ ಮಗಳ ಒಂದೇ ಟೈರಿನಲ್ಲಿ ಮೂರು ಸಿಕ್ಕವು. ಚಿಮಟದಿಂದ ಅವಳೇ ಕಿತ್ತಳು.

ಆಮೇಲೆ ಪೌಡರ್ ಸವರಿ, ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಮಡಿಕೆ ಬೀಳದಂತೆ ಕೂರಿಸಿ, ಟೈರನ್ನು ಕೈಯಲ್ಲೇ ಏರಿಸಿದರು. ಸ್ಕ್ರೂಡ್ರೈವರ್ ಮುಟ್ಟಲು ನಾನು ಬಿಡಲಿಲ್ಲ, ಅದರ ತುದಿಯಿಂದಲೇ ಹೊಸ ಟ್ಯೂಬ್ ತೂತಾಗುತ್ತದೆ. ಗಾಳಿಯ ಒತ್ತಡ 35ರಿಂದ 40 ಪಿಎಸ್‌ಐ. ಮಕ್ಕಳಿಗೆ ಮೆತ್ತಗಿದ್ದರೆ ಇಷ್ಟ, ಆದರೆ ಮೆತ್ತಗಿರುವ ಟೈರು ಕಲ್ಲಿಗೆ ಬಡಿದರೆ ರಿಮ್ಮಿನ ಮಧ್ಯೆ ಸಿಕ್ಕಿ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು, ಆದರೆ ಅಲ್ಲಿ ಕ್ಷಣದಲ್ಲಿ ಜಾಸ್ತಿ ತುಂಬಿಬಿಡುತ್ತದೆ. ಎಷ್ಟು ಬೇಕು ಎಂದು ಮೊದಲೇ ಹೇಳಲು ಕಲಿಸಿದ್ದೇನೆ.

26ರದು ಎರಡು, 27.5ರದು ಒಂದು ಉಳಿದಿವೆ. ಬಿಸಿಲು ತಾಗದ ಕಪಾಟಿನಲ್ಲಿಟ್ಟಿದ್ದೇನೆ. ಓಣಿಯಲ್ಲಿ ಯಾರಿಗೆ ಬೇಕಾದರೂ ತಂದ ಬೆಲೆಗೇ ಕೊಡುತ್ತೇನೆ. ಮೇಷ್ಟ್ರಿಗೆ 29ರದು ಬಂದರೆ ಫೋನ್ ಮಾಡುತ್ತೇನೆ ಎಂದು ಕಾಕಾ ನಂಬರ್ ಬರೆದುಕೊಂಡಿದ್ದಾರೆ.