ಕಣವೂ ಸಮತಟ್ಟು, ಗದ್ದೆಯೂ ಸಮತಟ್ಟು

ಮಡಿಕೇರಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷ ಬೋರ್ಡಿನ ಮೇಲೆ ಒಂದು ತಪ್ಪನ್ನು ಬರೆಯುತ್ತಾ ಬಂದೆ, ಅದೂ ಸುತ್ತ ಬಾಕ್ಸ್ ಹಾಕಿ: ಎರಡನೇ ಡೆರಿವೇಟಿವ್ ಸೊನ್ನೆ ಬಂದರೆ ಅಲ್ಲಿ ಮಿನಿಮಮ್ಮೂ ಇಲ್ಲ, ಮ್ಯಾಕ್ಸಿಮಮ್ಮೂ ಇಲ್ಲ. (ಡೆರಿವೇಟಿವ್ ಅಂದರೆ ಗ್ರಾಫಿನ ಇಳಿಜಾರು; ಎರಡನೆಯದು, ಆ ಇಳಿಜಾರು ಹೇಗೆ ಬದಲಾಗುತ್ತದೆ ಎಂಬುದು.) ನಾನು ಕೊಡುತ್ತಿದ್ದ ಲೆಕ್ಕಗಳಿಗೆ ಅದು ಹೇಗೋ ಸರಿಹೋಗುತ್ತಿತ್ತು.

ಕಕ್ಕಡ ಎಂಬ ನಮ್ಮ ಮಳೆತಿಂಗಳ ಒಂದು ಮಧ್ಯಾಹ್ನ, ಶೀಟಿನ ಮೇಲೆ ಬೀಳುವ ಮಳೆಯ ಜೊತೆ ಗಂಟಲು ಹರಿದುಕೊಂಡು ಪಾಠ. ಲೆಕ್ಕ: ಎಕ್ಸ್⁴ − 4ಎಕ್ಸ್³. ಡೆರಿವೇಟಿವ್ 4ಎಕ್ಸ್²(ಎಕ್ಸ್ − 3), ಅದು ಸೊನ್ನೆಯಾಗುವುದು, ಅಂದರೆ ಗ್ರಾಫ್ ಸಮತಟ್ಟಾಗುವುದು, 0 ಮತ್ತು 3ರಲ್ಲಿ. ಎರಡನೆಯದು 12ಎಕ್ಸ್² − 24ಎಕ್ಸ್. 3ರಲ್ಲಿ ಅದರ ಬೆಲೆ 36, ಪ್ಲಸ್; ಹಾಗಾಗಿ ಅಲ್ಲಿ ಮಿನಿಮಮ್, ಮೂಲ ಲೆಕ್ಕದ ಬೆಲೆ −27. 0ಯಲ್ಲಿ ಸೊನ್ನೆ. "ಅಲ್ಲಿ ಏನೂ ಇಲ್ಲ" ಎಂದು ಡಸ್ಟರ್ ಎತ್ತಿಕೊಂಡೆ.

ನಾಪೋಕ್ಲು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಳು. "ಸರ್, ಬರೀ ಎಕ್ಸ್⁴ ತಗೊಂಡ್ರೂ 0ಯಲ್ಲಿ ಎರಡನೇದು ಸೊನ್ನೆನೇ ಅಲ್ವಾ? ಆದ್ರೆ ಅದರ ಮಿನಿಮಮ್ ಅಲ್ಲೇ ಇದೆಯಲ್ಲ?"

ಹೌದು. ಎಕ್ಸ್⁴ ಎಂದೂ ಮೈನಸ್ ಆಗದು. "ನಾಳೆ ಹೇಳ್ತೀನಮ್ಮ" ಎಂದು ಜಾರಿಕೊಂಡೆ.

ಉತ್ತರ ಪಠ್ಯಪುಸ್ತಕದಲ್ಲೇ ಇತ್ತು: ಎರಡನೆಯದು ಸೊನ್ನೆಯಾದರೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಮೊದಲನೆಯದಕ್ಕೇ ವಾಪಸ್ ಹೋಗಬೇಕು. ಇದನ್ನು ನಾನು ಎಷ್ಟು ಸಲ ಓದಿದ್ದೆನೋ! ಮಕ್ಕಳಿಗೆ ಹೇಗೆ ದಾಟಿಸುವುದು ಎಂಬುದು ಹೊಳೆದದ್ದು ಮಾತ್ರ ಸಂಜೆ, ತೋಟದ ದಾರಿಯಲ್ಲಿ ಮನೆಗೆ ಇಳಿಯುವಾಗ. ಇಳಿಜಾರಿನ ನಡುವೆ ಕಾಫಿ ಒಣಗಿಸುವ ಕಣ ಸಮತಟ್ಟು. ಅದನ್ನು ದಾಟಿದರೆ ಮತ್ತೆ ಇಳಿಜಾರೇ. ಕೆಳಗೆ ಗದ್ದೆಯೂ ಸಮತಟ್ಟು. ಅದರ ಆಚೆ ಮಾತ್ರ ಏರು ಶುರು.

ಮರುದಿನ ಮೊದಲು ಬಾಕ್ಸಿನ ಮೇಲೆ ಗೀಟು ಎಳೆದೆ. ಆಮೇಲೆ ಮೊದಲನೇ ಡೆರಿವೇಟಿವ್‌ನಲ್ಲಿ −1, 1, 4 ಹಾಕಿಸಿದೆ: ಇಳಿಜಾರು −16, −8, 64. 0ಯ ಎರಡೂ ಕಡೆ ಇಳಿತ, ಅದು ಕಣ. 3ರ ಈಚೆ ಇಳಿತ, ಆಚೆ ಏರು, ಅದು ಗದ್ದೆ. ಎಕ್ಸ್⁴ಗೆ 0ಯೇ ಗದ್ದೆ. ಎಕ್ಸ್³ಗೆ 0ಯಲ್ಲಿ ಕಣ ಉಂಟು, ಗದ್ದೆ ಎಲ್ಲಿಯೂ ಇಲ್ಲ. ಎಡಕ್ಕೆ ಹೋದಷ್ಟೂ ಪಾತಾಳ.

"ಸರ್, ಗದ್ದೆಯಿಂದ ನಮ್ಮನೆಗೆ ಹೋಗ್ವಾಗ ಕಣದ ಎರಡೂ ಕಡೆ ಏರೇ" ಎಂದ ಹಿಂದಿನ ಬೆಂಚಿನವನು. ಇಳಿತವಾದರೂ ಏರಾದರೂ ಎರಡು ಕಡೆಯೂ ಒಂದೇ ಆದರೆ ಕಣವೇ, ಅಂದೆ. ಪುಣ್ಯಾತ್ಮ, ನಾನು ಹೇಳಲು ಮರೆತಿದ್ದನ್ನು ನೆನಪಿಸಿದ.

ಹಳೆಯ ಬ್ಯಾಚಿನ ನೋಟ್ಸ್ ಜೆರಾಕ್ಸ್ ಆಗಿ ಇನ್ನೂ ಓಡಾಡುತ್ತಿದೆ. ಹೋದ ವಾರ ಒಬ್ಬ ಅಕ್ಕನ ನೋಟ್ಸ್ ತಂದು ತೋರಿಸಿದ. ಬಾಕ್ಸ್ ಹಾಗೇ ಇತ್ತು, ಕೆಂಪು ಇಂಕಿನಲ್ಲಿ.