ಹಳೆಯ ಮಸ್ಟಾಂಗ್‌ನೊಳಗಿನ ಸದ್ದು

ಮಿಷಿಗನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ 1968ರ ಫೋರ್ಡ್ ಮಸ್ಟಾಂಗ್‌ನ ಸೀಟುಗಳನ್ನೂ ಕಾರ್ಪೆಟ್ಟನ್ನೂ ಹೊರತೆಗೆದು, ಎರಡು ವಾರಾಂತ್ಯಗಳನ್ನು ಬರಿಯ ತಗಡಿನ ನೆಲದ ಮೇಲೆ ಕುಳಿತೇ ಕಳೆದೆ. ವಿ8 ಎಂಜಿನ್ನಿನ ಗುಡುಗನ್ನು ಅಡಗಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಆ ದನಿಗೆ ಮನಸೋತೇ ಈ ಕಾರನ್ನು ಕೊಂಡವನು ನಾನು. ಆದರೆ ಹೆದ್ದಾರಿಯಲ್ಲಿ, ಊರಿನಿಂದ ಬಂದು ಪಕ್ಕದಲ್ಲೇ ಕುಳಿತಿದ್ದ ಅಮ್ಮನ ಮಾತು ಕೇಳಿಸದೆ ಹೋದದ್ದು ನನ್ನನ್ನು ಬಹಳ ಕಾಡಿತ್ತು.

ತಟ್ಟಿದರೆ ಡಬ್ಬದಂತೆ ಮೊಳಗುವ ತಗಡಿನ ತುಕ್ಕನ್ನು ಕೆರೆದು, ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ಎಂಬ ರಬ್ಬರಿನ ಹಾಳೆಯನ್ನು ಅಂಟಿಸಿ ರೋಲರಿನಿಂದ ಒತ್ತಿದರೆ ಕಂಪನ ಅಡಗುತ್ತದೆ, ಅದಕ್ಕೆ ತಗಡನ್ನು ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ; ಆದರೆ ಗಾಳಿಯಲ್ಲಿ ತೇಲಿಬರುವ ಸದ್ದನ್ನು ತಡೆಯಲು ಚದರ ಅಡಿಗೆ ಸುಮಾರು ಅರ್ಧ ಕಿಲೋ ತೂಗುವ ವಿನೈಲ್ ಹಾಸನ್ನು, ಅದರಡಿಯಲ್ಲಿ ಫೋಮ್ ಪದರವಿಟ್ಟು, ಎಲ್ಲಿಯೂ ಸಂದಿಲ್ಲದಂತೆ ಹರಡಬೇಕಾಗುತ್ತದೆ.

ಅಚ್ಚರಿಯೆಂದರೆ, ಹೆಚ್ಚಿನ ವ್ಯತ್ಯಾಸ ಕಂಡದ್ದು ಕಾಲಕ್ರಮದಲ್ಲಿ ಸೆಟೆದುಹೋಗಿದ್ದ ಬಾಗಿಲಿನ ರಬ್ಬರ್ ಪಟ್ಟಿಗಳನ್ನು ಬದಲಿಸಿ, ಎಂಜಿನ್ ಕಡೆಯ ಗೋಡೆಯಲ್ಲಿ ವೈರುಗಳು ಹಾದುಬರುವ ರಂಧ್ರಗಳನ್ನು ಮುಚ್ಚಿದ ಮೇಲೆಯೇ. ಸಣ್ಣ ಸಂದಿಯೊಂದು ಎಷ್ಟು ಸದ್ದನ್ನು ಒಳಬಿಡುತ್ತದೆಂಬುದನ್ನು ನಾನು ಊಹಿಸಿರಲಿಲ್ಲ.

ನಿನ್ನೆ ಸಂಜೆ ಅದೇ ಹೆದ್ದಾರಿಯಲ್ಲಿ, ಎಂಜಿನ್ನಿನ ಗುಡುಗು ಹಿತವಾಗಿ ಕೇಳುತ್ತಿದ್ದಂತೆಯೇ, ಅಮ್ಮ ಮೆಲುದನಿಯಲ್ಲಿ ದೇವರನಾಮ ಗುನುಗುತ್ತಿದ್ದುದೂ ಕೇಳಿಸಿತು.